ಉದ್ರಿ ಸಿದ್ಧಾಂತ: ದ್ವಿತೀಯ ಭಾಷಾ ಗಳಿಕೆಯ ಶಾಸ್ತ್ರಕ್ಕೆ ಸರಸಂಬಾದ ಕಾಣಿಕೆ

ಪೀಠಿಕೆ

ಎರಡನೇ ಭಾಷೆ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಸೀಮೆಯಾಚೆಯ ಪಂಡಿತರು ಅರವತ್ತು ಎಪ್ಪತ್ತು ವರ್ಷಗಳಿಂದ ಕೆದಕುತ್ತಿದ್ದಾರೆ. ಆಳಂದ ತಾಲೂಕಿನ ಸರಸಂಬಾದಲ್ಲಿ ಈ ಪ್ರಶ್ನೆ ಯಾರಿಗೂ ಎದ್ದಿಲ್ಲ. ಅಲ್ಲಿ ಎರಡನೆಯದು ಬಂದು ಕೂತಿದೆ, ಮೂರನೆಯದೂ ಬಂದಿದೆ, ಟಿವಿಯ ದಯೆಯಿಂದ ನಾಲ್ಕನೆಯದು ಬಾಗಿಲಲ್ಲಿ ನಿಂತಿದೆ. ಇಂಥ ಊರು ಶಾಸ್ತ್ರದ ಕಣ್ಣಿಗೆ ಬೀಳದೆ ಉಳಿದದ್ದು ಶಾಸ್ತ್ರಕ್ಕೆ ನಷ್ಟವೆಂದು ಭಾವಿಸಿ ಈ ಪ್ರಬಂಧವನ್ನು ರಚಿಸಲಾಗಿದೆ.

ಅಧ್ಯಯನದ ಪ್ರಧಾನ ಉಪಕರಣ ಬಿ.ಇಡಿ. ಓದುತ್ತಿರುವ ಒಬ್ಬ ಪ್ರಶಿಕ್ಷಣಾರ್ಥಿ. ಇನ್ನು ಮುಂದೆ ಇವನನ್ನು ‘ಭಾವೀ ಶಿಕ್ಷಕ’ ಎಂದು ಕರೆಯಲಾಗುವುದು. 2015ರಿಂದ ಬಿ.ಇಡಿ. ಎರಡು ವರ್ಷದ್ದಾದ ಕಾರಣ, ಮೊದಲು ಒಂದೇ ವರ್ಷದಲ್ಲಿ ಮರೆಯುತ್ತಿದ್ದ ಸಿದ್ಧಾಂತಗಳನ್ನು ಈಗ ಸಾವಕಾಶವಾಗಿ ಮರೆಯುವ ಅನುಕೂಲ ಇವನಿಗಿದೆ.

ಪೂರ್ವಪಕ್ಷ

ಪರಮತವನ್ನು ಮೊದಲು ಮಂಡಿಸಿ ಆಮೇಲೆ ಖಂಡಿಸುವುದು ನಮ್ಮ ಪದ್ಧತಿ. ರಾಬರ್ಟ್ ಲಾಡೊ ಎಂಬ ಆಚಾರ್ಯರು 1957ರಲ್ಲಿ, ಎರಡು ಭಾಷೆಗಳನ್ನು ಎದುರುಬದುರು ಇಟ್ಟು ನೋಡಿದರೆ ಕಲಿಯುವವನು ಎಲ್ಲಿ ಎಡವುತ್ತಾನೆಂದು ಮುಂಚಿತವಾಗಿಯೇ ತಿಳಿಯುತ್ತದೆ ಎಂದರು. ಪಿಟ್ ಕಾರ್ಡರ್ ಎಂಬುವರು 1967ರಲ್ಲಿ, ಎಡವಿದರೆ ಎಡವಲಿ, ತಪ್ಪೆಂಬುದೇ ಕಲಿಕೆ ನಡೆದಿದೆ ಎಂಬುದಕ್ಕೆ ಸಾಕ್ಷಿ ಎಂದರು. (ಈ ಮಾತು ನಮ್ಮ ಮಾಸ್ತರುಗಳ ಕೆಂಪು ಪೆನ್ನಿನವರೆಗೆ ಇನ್ನೂ ತಲುಪಿಲ್ಲ.) 1972ರಲ್ಲಿ ಲ್ಯಾರಿ ಸೆಲಿಂಕರ್, ಕಲಿಯುವವನ ಬಾಯಲ್ಲಿರುವುದು ಅತ್ತ ಮನೆಯದೂ ಅಲ್ಲದ ಇತ್ತ ಪಾಠದ್ದೂ ಆಗದ ಒಂದು ನಡುಭಾಷೆ, ಹಲವರಲ್ಲಿ ಅದು ಅಲ್ಲೇ ಕಲ್ಲಾಗಿ ನಿಂತುಬಿಡುತ್ತದೆ ಎಂದು ಸಾರಿದರು. ಕೊನೆಗೆ ಸ್ಟೀಫನ್ ಕ್ರಾಶೆನ್ ಬಂದು, ವ್ಯಾಕರಣದ ಗೊಡವೆ ಬಿಡಿ, ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿರಲಿ, ಗೊತ್ತಿರುವುದಕ್ಕಿಂತ ಅದು ಒಂದೇ ಮೆಟ್ಟಿಲು ಮೇಲಿರಲಿ, ಉಳಿದದ್ದು ತಾನೇ ಆಗುತ್ತದೆ ಎಂದರು. ಇದಕ್ಕೆ ‘ಐ ಪ್ಲಸ್ ಒನ್’ ಎಂದು ಹೆಸರು. ಐದು ಅಂಕಕ್ಕೆ ಬರುತ್ತದೆ.

ಭಾವೀ ಶಿಕ್ಷಕನು ಇವೆಲ್ಲವನ್ನೂ ಗೈಡಿನಿಂದ ಬಾಯಿಪಾಠ ಮಾಡಿದ್ದಾನೆ. ಬಾಯಿಪಾಠದಿಂದ ಭಾಷೆ ಬರುವುದಿಲ್ಲ ಎಂಬ ಭಾಗವನ್ನು ವಿಶೇಷ ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದಾನೆ.

ಕ್ಷೇತ್ರಕಾರ್ಯ

ಆಳಂದ ತಾಲೂಕಿನ ಒಂದು ಮಗ್ಗುಲಿಗೆ ಅಕ್ಕಲಕೋಟ, ಇನ್ನೊಂದು ಮಗ್ಗುಲಿಗೆ ಉಮರ್ಗಾ, ಎರಡೂ ಮಹಾರಾಷ್ಟ್ರ. ಹೀಗಾಗಿ ಹಲವು ಭಾಷೆಗಳು ಒಂದೆಡೆ ಕಿವಿಗೆ ಬೀಳುವ ಜಾಗವೆಂದು ಭಾವೀ ಶಿಕ್ಷಕನು ಪ್ರಶ್ನಾವಳಿ ಹಿಡಿದು ಸರಸಂಬಾದ ಒಂದು ಚಾದ ಹೋಟೆಲಿನಲ್ಲಿ ಕೂತನು. ಅಲ್ಲಿ ಕಂಡದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ. ಹೋಟೆಲಿನ ಮಾಲಕನು ತೊಗರಿ ಧಾರಣೆ ಕೇಳಿದ ರೈತನೊಡನೆ ಕನ್ನಡ, ಟಂಟಂ ಡ್ರೈವರನೊಡನೆ ದಖನಿ, ಗಡಿಯಾಚೆಯಿಂದ ಬಂದ ಬೀಗರೊಡನೆ ಮರಾಠಿ, ಮೊಬೈಲ್ ಕಂಪನಿಯ ಹುಡುಗನೊಡನೆ ಹಿಂದಿ ಆಡಿದನು. ಭಜಿ ಕರಿಯುವುದು ಎಲ್ಲಿಯೂ ನಿಲ್ಲಲಿಲ್ಲ.

“ನಿಮ್ಮ ದ್ವಿತೀಯ ಭಾಷೆ ಯಾವುದು?” ಎಂದು ಭಾವೀ ಶಿಕ್ಷಕನು ಪ್ರಶ್ನಾವಳಿಯ ಕ್ರಮದಲ್ಲಿಯೇ ಕೇಳಿದನು.

“ಹಂಗಂದ್ರ ಏನ್ರಿ ಸರ?”

“ಕನ್ನಡ ಬಿಟ್ಟು ಮತ್ತ್ಯಾವ ಭಾಷಾ ಬರ್ತದ್ರಿ? ಹ್ಯಾಂಗ ಕಲ್ತ್ರಿ?”

“ಕಲಿಯೋದೇನದ್ರಿ ಅದ್ರಾಗ. ಯಾರ ಉದ್ರಿ ಬಾಕಿ ಅದನೋ ಅವರ ಭಾಷಾ ತಾನಾ ಬರ್ತದ. ಕೇಳಬೇಕಲ್ಲರೀ ರೊಕ್ಕ!”

ಲಾಡೊರಿಂದ ಕ್ರಾಶೆನ್‌ವರೆಗೆ ಯಾರಿಗೂ ಹೊಳೆಯದ ಸಂಗತಿ ಹೀಗೆ ಒಂದು ಪ್ಲೇಟು ಭಜಿಯ ಎದುರು ಪ್ರಕಟವಾಯಿತು. ಸಿದ್ಧಾಂತವನ್ನು ಸೂತ್ರರೂಪದಲ್ಲಿ ಹೇಳುವುದಾದರೆ: ಮನುಷ್ಯನು ತನಗೆ ಬರಬೇಕಾದ ಬಾಕಿ ಯಾರಲ್ಲಿದೆಯೋ, ಅಥವಾ ತಾನು ಯಾರಿಗೆ ಬಾಕಿಯೋ, ಅವರ ಭಾಷೆಯನ್ನು ಗಳಿಸುತ್ತಾನೆ, ಬಾಕಿಯಿಲ್ಲದ ಭಾಷೆಯಲ್ಲಿ ಅಂಕ ಮಾತ್ರ ಗಳಿಸುತ್ತಾನೆ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಹಳೆಯ ಮಾತಿನಲ್ಲಿ ಕೋಡಂಗಿಯೇ ಬಹುಭಾಷಿಯಾಗಬೇಕಾದವನು ಎಂಬುದನ್ನು ಈವರೆಗಿನ ಭಾಷಾಶಾಸ್ತ್ರ ಗಮನಿಸಿಲ್ಲ.

ಐತಿಹಾಸಿಕ ಪ್ರಮಾಣಗಳು

ಸಿದ್ಧಾಂತಕ್ಕೆ ಇತಿಹಾಸದ ಬೆಂಬಲ ಧಾರಾಳವಾಗಿದೆ. 1956ರ ನವೆಂಬರ್ 1ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿ ಉರ್ದುವಿನದು, ದೊಡ್ಡ ಓದು ಉರ್ದುವಿನದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡವಾಡುತ್ತಿದ್ದ ಮುತ್ಯಾ ಅರ್ಜಿ ಕೊಟ್ಟದ್ದು, ಕಂದಾಯ ಕಟ್ಟಿದ್ದು, ಹೊಲದ ಕಾಗದ ಮಾಡಿಸಿದ್ದು ಉರ್ದುವಿನಲ್ಲಿ. ಸರಕಾರಕ್ಕಿಂತ ದೊಡ್ಡ ಸಾಹುಕಾರ ಯಾರು? ಬಾಕಿ ತೀರಿತು, ಭಾಷೆಯೂ ಹೋಯಿತು. ಇವತ್ತು ಮೊಮ್ಮಗ ಅದೇ ಹೊಲದ ಹಳೆಯ ಕಾಗದವನ್ನು ಓದಿಸಲು ಉರ್ದು ಬಲ್ಲವರನ್ನು ಹುಡುಕುತ್ತ ಆಳಂದಕ್ಕೆ ಹೋಗುತ್ತಾನೆ, ಅವರಿಗೆ ಚಾ ಕುಡಿಸುತ್ತಾನೆ. ಬಾಯಿಗೆ ಬಂದ ಉರ್ದು ಮಾತ್ರ ಊರಲ್ಲೇ ಉಳಿದಿದೆ, ಏಕೆಂದರೆ ಓಣಿಯ ಕೊಡುಕೊಳ್ಳು ನಿಂತಿಲ್ಲ.

ಎರಡನೆಯ ಪ್ರಮಾಣ ಇನ್ನೂ ಪ್ರಬಲ. ಇದೇ ಆಳಂದ ತಾಲೂಕಿನ ಕಡಗಂಚಿಯ ಮನೆತನಕ್ಕೆ ಸೇರಿದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡ. ಅವರು ಬರೆದದ್ದು ಮರಾಠಿಯ ‘ಗುರುಚರಿತ್ರೆ’. ಮಹಾರಾಷ್ಟ್ರದ ದತ್ತಭಕ್ತರು ಶತಮಾನಗಳಿಂದ ಸಪ್ತಾಹ ಕೂತು ಪಾರಾಯಣ ಮಾಡುವ ಗ್ರಂಥ, ಎರಡನೇ ಭಾಷೆಯಾಗಿ ಮರಾಠಿ ಬರೆದವರ ಕೈಯದು! ಅದರ ನಲವತ್ತೊಂದನೇ ಅಧ್ಯಾಯದಲ್ಲಿ ಕನ್ನಡ ಪದ್ಯಗಳೂ ಇವೆ; ಪುಣೆಯ ಆಜಿ ಅವನ್ನು ಅರ್ಥ ತಿಳಿಯದೆಯೇ ಭಕ್ತಿಯಿಂದ ಓದುತ್ತಾರೆ. ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಮಾತ್ರ ಎಂಬ ಕ್ರಾಶೆನ್ ಷರತ್ತು ಇಲ್ಲಿ ಕೆಲಸ ಮಾಡುವುದಿಲ್ಲ. ಗುರುವಿನ ಋಣ ಎಂಬ ಬಾಕಿ ಹಿಡಿದು ನೋಡಿದರೆ ಲೆಕ್ಕ ಸರಿಹೋಗುತ್ತದೆ. ಕಡಗಂಚಿಯಲ್ಲೇ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಸ್ಥಳಮಹಾತ್ಮೆಯೆಂದೇ ತಿಳಿಯತಕ್ಕದ್ದು. ಆ ದತ್ತಭಕ್ತರು ಬರುವ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಹೂವು, ಊದುಬತ್ತಿ ಮಾರುವವರ ಮರಾಠಿಯನ್ನು ಕೇಳಿದವರಿಗೆ ಇನ್ನು ವಿವರಣೆ ಬೇಡ.

ಮೂರನೆಯದು ಕುಪವಾಡ. ಸಾಂಗ್ಲಿ ಜಿಲ್ಲೆಯ, ಆಗ ಹಳ್ಳಿಯಾಗಿದ್ದ ಈ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದರ ಮಗ್ಗುಲಿಗೊಂದು ಬಾಳಿ, ಶಬ್ದ ಬೇರೆ ಬೇರೆ ಇದ್ದರೂ ವಾಕ್ಯದ ಕಟ್ಟು ಒಂದೇ ಆಗುವಷ್ಟು ಹತ್ತಿರ ಬಂದಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಜಗತ್ತಿನ ಭಾಷಾಶಾಸ್ತ್ರಜ್ಞರೆಲ್ಲ ಬೆರಗಾದರು. ಸರಸಂಬಾದವರು ಕೇಳಿದ್ದರೆ, “ಮತ್ತ್ಯಾಂಗ ಇರ್ತದ್ರಿ?” ಅನ್ನುತ್ತಿದ್ದರು.

ತರಗತಿಯಲ್ಲಿ ಸಿದ್ಧಾಂತದ ಅವಸ್ಥೆ

ಈಗ ಅಭ್ಯಾಸಪಾಠಕ್ಕೆ ಬರೋಣ. ವಿಷಯ: ಪ್ರಥಮ ಭಾಷೆ ಕನ್ನಡ. ಪಾಠಯೋಜನೆಯ ಅಂಚಿಗೆ ಬಣ್ಣದ ಸ್ಕೆಚ್ ಪೆನ್ನಿನ ಗೆರೆ, ‘ನಿರೀಕ್ಷಿತ ವರ್ತನಾ ಬದಲಾವಣೆ’ಯ ಅಂಕಣ ಭರ್ತಿ, ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು. ಭಾವೀ ಶಿಕ್ಷಕನು ವಿಷಯಪ್ರವೇಶ ಕೌಶಲದ ಅಂಗವಾಗಿ ಚಾರ್ಟು ಬಿಚ್ಚಿ ಕೇಳಿದನು: “ಮಕ್ಕಳೇ, ಈ ಚಿತ್ರದಲ್ಲಿರುವ ಮಹಿಳೆಯು ಏನು ಮಾಡುತ್ತಿದ್ದಾಳೆ?”

ಮೌನ. ಎರಡನೇ ಭಾಷೆ ಕಲಿಯುವವರು ಆರಂಭದಲ್ಲಿ ಬಾಯಿ ಬಿಡದೆ ಕೇಳಿಸಿಕೊಳ್ಳುವ ಕಾಲಕ್ಕೆ ಶಾಸ್ತ್ರದಲ್ಲಿ ‘ಮೌನ ಅವಧಿ’ ಎನ್ನುತ್ತಾರೆ. ಆದರೆ ಇದು ಮೊದಲನೇ ಭಾಷೆಯ ಪಿರಿಯಡ್ಡು! ಭಾವೀ ಶಿಕ್ಷಕನು ಬೆವತು, ತನ್ನನ್ನೇ ಮರೆತು, “ಏನ್ ಮಾಡ್ಲಾಕತ್ತಾಳೋ ಆಕಿ?” ಎಂದನು. ಇಡೀ ವರ್ಗ ಒಂದೇ ದನಿಯಲ್ಲಿ ಕೂಗಿತು: “ರೊಟ್ಟಿ ಬಡಿಲಾಕತ್ತಾಳ್ರೀ!” ತಾಂಡಾದಿಂದ ಬಂದ ಹುಡುಗನೊಬ್ಬ ಅರೆಗಳಿಗೆ ತಡವಾಗಿ ಕೂಗಿದನು, ಮನೆಯಲ್ಲಿ ಲಂಬಾಣಿ ಆಡುವ ಅವನಿಗೆ ಸರಸಂಬಾದ ಕನ್ನಡ ಎರಡನೆಯದು, ಚಾರ್ಟಿನ ಮಹಿಳೆ ಮೂರನೆಯದು.

ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ ಬರೆದರು: ‘ಶಿಷ್ಟ ಭಾಷೆ ಬಳಸಿರಿ.’

ಇಲ್ಲಿ ಒಂದು ಆಕ್ಷೇಪ ಏಳಬಹುದು. ಪಠ್ಯದ ಕನ್ನಡ ಬೇಡವೆಂದು ಈ ಪ್ರಬಂಧದ ಮತವೇ? ಅಲ್ಲ. ಕಲಿಯಲೇಬೇಕು, ಅರ್ಜಿ ಬರೆಯಲಾದರೂ ಬೇಕು. ಅದನ್ನು ಎರಡನೇ ಭಾಷೆಯೆಂದು ಒಪ್ಪಿ ಕಲಿಸಿರಿ ಎಂದಷ್ಟೇ ಅರಿಕೆ. ಆಳಂದದ ಮಗು ಪಠ್ಯದ ಕನ್ನಡದಲ್ಲಿ ತಡವರಿಸಿದರೆ ಅದನ್ನು ದಡ್ಡತನವೆನ್ನುತ್ತಾರೆ. ಇಂಗ್ಲಿಷಿನಲ್ಲಿ ತಡವರಿಸಿದರೆ ಸಹಜವೆನ್ನುತ್ತಾರೆ. ಇದು ಯಾವ ನ್ಯಾಯ?

ಭೀತಿ, ಸಂಕೋಚ ಹೆಚ್ಚಿದರೆ ಕಿವಿಗೆ ಬಿದ್ದ ಮಾತು ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ ಎಂಬುದಕ್ಕೆ ಕ್ರಾಶೆನ್ ‘ಭಾವನೆಯ ಸೋಸುಕ’ ಎಂಬ ಹೆಸರು ಬಳಸುತ್ತಾರೆ. ಸರಸಂಬಾ ಪ್ರಯೋಗದಲ್ಲಿ ಈ ಸೋಸುಕವು ಚಾ ಸೋಸುವ ಜಾಲರಿಯ ಹಾಗೆ ಕಂಡುಬಂದಿತು: ಚಾ ಇಳಿದು ಹೋಗಿ ಮಕ್ಕಳ ಪಾಲಿಗೆ ಚರಟ ಉಳಿಯಿತು. ಮೇಲ್ವಿಚಾರಕರು ಎದ್ದು ಹೋದ ತಕ್ಷಣ ಜಾಲರಿ ಮಾಯವಾದದ್ದನ್ನೂ ದಾಖಲಿಸಲಾಗಿದೆ.

ಸಿದ್ಧಾಂತದ ಅನ್ವಯ

ಇಂಗ್ಲಿಷಿಗೆ ಸರಸಂಬಾದಲ್ಲಿ ಯಾರೂ ಬಾಕಿಯಿಲ್ಲ. ಇಂಗ್ಲಿಷು ಬಾರದ ರೋಗದ ಮೂಲ ಇರುವುದು ಇಲ್ಲಿ. ಮದ್ದಿನ ಸುಳಿವು ಕರ್ನಾಟಕದಲ್ಲೇ ಸಿಕ್ಕಿತ್ತು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಬೆಂಗಳೂರು ಯೋಜನೆಯಲ್ಲಿ ವ್ಯಾಕರಣದ ಪಾಠವನ್ನೇ ಬಿಟ್ಟು, ಮಕ್ಕಳ ಮುಂದೆ ನಕಾಶೆ, ರೈಲಿನ ವೇಳಾಪಟ್ಟಿ ಇಟ್ಟು, ಲೆಕ್ಕ ಬಿಡಿಸಿದರೆ ಭಾಷೆ ಅದರ ಬೆನ್ನಿಗೆ ಬರುತ್ತದೆ ಎಂದು ಕಲಿಸಿದರು. ಜಗತ್ತು ಅದನ್ನು ಓದಿತು. ನಮ್ಮ ಬಿ.ಇಡಿ. ಗೈಡು ಅದನ್ನು ‘ಟಿಪ್ಪಣಿ ಬರೆಯಿರಿ’ ವಿಭಾಗದಲ್ಲಿ ಸೇರಿಸಿತು.

ಸರಸಂಬಾದಲ್ಲಿ ರೈಲಿಲ್ಲ. ಆದ್ದರಿಂದ ಭಾವೀ ಶಿಕ್ಷಕನು ಸ್ಥಳೀಯ ತಿದ್ದುಪಡಿಯೊಂದನ್ನು ಮಾಡಿದನು. ಒಂದು ಮುಂಜಾನೆ ವರ್ಗದ ಎಲ್ಲ ಮಕ್ಕಳಿಂದ ಪೆನ್ಸಿಲ್ ಉದ್ರಿ ಇಸಗೊಂಡು, ಇಂಗ್ಲಿಷಿನಲ್ಲಿ ಕೇಳಿದವರಿಗೆ ಮಾತ್ರ ವಾಪಸು ಕೊಡುವುದಾಗಿ ಘೋಷಿಸಿದನು. ಮೌನ ಅವಧಿಯು ಪ್ರಾರ್ಥನೆಯ ಗಂಟೆಯಿಂದ ಸಣ್ಣ ಬಿಡುವಿನವರೆಗೆ ಮಾತ್ರ ಬಾಳಿತು. ಆಮೇಲೆ ಮೊದಲ ಬೆಂಚಿನ ಹುಡುಗಿ ಎದ್ದು, “ಸರ್ರಿ, ಮೈ ಪೆನ್ಸಿಲ್ ಗಿವ್ ರೀ” ಎಂದಳು.

ಕ್ರಿಯಾಪದ ಕೊನೆಗೆ ಬಂದದ್ದನ್ನು ಕಂಡು ಲಾಡೊ ‘ನಾನು ಹೇಳಿರಲಿಲ್ಲವೇ’ ಅನ್ನುತ್ತಿದ್ದರು. ಕಾರ್ಡರ್ ಕುಣಿದಾಡುತ್ತಿದ್ದರು. ಎರಡೂ ತುದಿಗೆ ‘ರೀ’ ಅಂಟಿಸಿ ಇಂಗ್ಲಿಷಿಗೂ ಮರ್ಯಾದೆ ಕಲಿಸಿದ್ದು ಸೆಲಿಂಕರರ ನಡುಭಾಷೆಗೆ ಉತ್ತಮ ಉದಾಹರಣೆ. ಭಾವೀ ಶಿಕ್ಷಕನು ಪೆನ್ಸಿಲ್ ಕೊಟ್ಟನು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ವರ್ಗದಲ್ಲಿ ಅದೇ ವಾಕ್ಯದ ಹತ್ತಾರು ಪಾಠಾಂತರಗಳು ಓಡಾಡುತ್ತಿದ್ದವು.

ಎರಡು ಪೆನ್ಸಿಲ್ಲುಗಳು ಮಾತ್ರ ವಸೂಲಾಗದೆ ಉಳಿದಿವೆ. ಒಂದರ ಒಡತಿ ಇನ್ನೂ ಮೌನ ಅವಧಿಯಲ್ಲಿದ್ದಾಳೆ. ಇನ್ನೊಂದರ ಒಡೆಯ ಮರುದಿನ ತನ್ನ ಅಪ್ಪನನ್ನು ಕರೆದುಕೊಂಡು ಬಂದನು. ಅಪ್ಪ ಶಾಲೆಯ ಗೇಟಿನಲ್ಲೇ ನಿಂತು ಆಡಿದ ಭಾಷೆ ಯಾವುದೆಂದು ಭಾವೀ ಶಿಕ್ಷಕನು ಟಿಪ್ಪಣಿ ಮಾಡಿಕೊಂಡಿಲ್ಲ. ಅರ್ಥವಂತೂ ಪೂರ್ತಿ ಆಯಿತಂತೆ.