ಗಿಳಿ ತೂಗುವವರು

ಗಿಳಿ ಸಾಕಿದ ಮನೆಯಲ್ಲಿ ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇರಲೇಬೇಕು ಎಂಬುದು ನನ್ನ ವಾದ. ಲೋಕದಲ್ಲಿ ವಾದಿಸಲು ಇದಕ್ಕಿಂತ ಘನವಾದ ವಿಷಯಗಳಿವೆ ಎಂದು ನನಗೂ ಗೊತ್ತು. ಗಿಳಿಯ ತೂಕಕ್ಕಾಗಿ ಕಂಠಶೋಷಣೆ ಮಾಡಿಕೊಳ್ಳುವವರನ್ನು ಕಂಡರೆ ಜನ ಮೊದಲು ನಗುತ್ತಾರೆ. ಆಮೇಲೆ ಮನೆಯವರನ್ನು ಪಕ್ಕಕ್ಕೆ ಕರೆದು ಏನಾದರೂ ತೊಂದರೆಯೇ ಎಂದು ವಿಚಾರಿಸುತ್ತಾರೆ. ಆದರೂ ಈ ಹುಚ್ಚಿನಲ್ಲೊಂದು ಸುಖವಿದೆ, ಬಿಟ್ಟುಕೊಡಲು ಮನಸ್ಸಿಲ್ಲ. ವಾದದ ತಿರುಳು ಇಷ್ಟು: ಮನೆಯಲ್ಲಿ ಸಾಕುವ ಜೀವಗಳಲ್ಲಿ ಮಾತು ಬರುವುದು ಹೆಚ್ಚುಕಡಿಮೆ ಇದಕ್ಕೊಂದಕ್ಕೆ; ತನ್ನ ಹೊಟ್ಟೆಯ ವಿಷಯದಲ್ಲಿ ನಂಬಲೇಬಾರದ ಜೀವವೂ ಇದೇ. ನಾಯಿಗೆ ಮೈ ಸರಿಯಿಲ್ಲದಿದ್ದರೆ ಮೂಲೆ ಹಿಡಿದು ಮಲಗಿ ಮನೆಮಂದಿಗೆಲ್ಲ ತಿಳಿಯಪಡಿಸುತ್ತದೆ. ಗಿಳಿಯೋ, ಒಳಗೆ ಕಾಯಿಲೆ ಇಟ್ಟುಕೊಂಡೂ ಬಂದವರನ್ನೆಲ್ಲ ‘ಊಟ ಆಯ್ತಾ’ ಎಂದು ವಿಚಾರಿಸಿಕೊಳ್ಳುತ್ತಿರುತ್ತದೆ.

ಇದು ಗಿಳಿಯ ಕಪಟವಲ್ಲ, ಅದರ ಕುಲದ ಬುದ್ಧಿ. ಗುಂಪಿನಲ್ಲಿ ಸೋತಂತೆ ಕಾಣುವ ಹಕ್ಕಿಯ ಮೇಲೆಯೇ ಗಿಡುಗನ ಕಣ್ಣು ಮೊದಲು ಬೀಳುವುದರಿಂದ, ತೀರ ಕೈಲಾಗದಾಗುವವರೆಗೂ ಅದು ಸೌಖ್ಯವನ್ನು ನಟಿಸುತ್ತದೆ. ನಟನೆಗೆ ಬೇಕಾದ ವೇಷವೂ ಮೈಮೇಲೇ ಇದೆ. ಎದೆಮೂಳೆ ಕತ್ತಿಯ ಅಂಚಿನಷ್ಟು ಎದ್ದಿದ್ದರೂ ಗರಿಯ ಮೇಲಿಂದ ನೋಡಿದವರಿಗೆ ದುಂಡುದುಂಡಾಗಿಯೇ ಕಾಣುತ್ತದೆ. ಛಳಿಗೋ ಜ್ವರಕ್ಕೋ ಗರಿ ಉಬ್ಬಿಸಿ ಕೂತರಂತೂ ‘ಅಬ್ಬಾ, ಎಷ್ಟು ಮೈತುಂಬಿಕೊಂಡಿದೆ’ ಎಂಬ ಮೆಚ್ಚುಗೆ ಬೇರೆ. ಮೂರನೆಯ ಸಾಕ್ಷಿ ಕಾಳಿನ ಬಟ್ಟಲು. ಗಿಳಿ ಕಾಳನ್ನು ಸುಲಿದು ತಿರುಳು ನುಂಗಿ ಹೊಟ್ಟನ್ನು ಅದೇ ಬಟ್ಟಲಿಗೆ ಉದುರಿಸುತ್ತದೆ. ಬಟ್ಟಲು ಭರ್ತಿಯಾಗಿದೆ ಎಂದು ಯಜಮಾನರು ನಿಶ್ಚಿಂತೆಯಿಂದ ಊರಿಗೆ ಹೋಗಿ ಬರುವಷ್ಟರಲ್ಲಿ ಹಕ್ಕಿ ಹೊಟ್ಟಿನ ಮುಂದೆ ಉಪವಾಸ ಕೂತಿರುತ್ತದೆ. ಕಣ್ಣು, ಬಟ್ಟಲು, ಗಿಳಿಯ ಬಾಯಿ, ಮೂರೂ ಸುಳ್ಳು ಹೇಳುವಾಗ ಉಳಿಯುವುದು ತಕ್ಕಡಿಯೊಂದೇ. ದಿನವೂ ಬೆಳಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವುದಕ್ಕೆ ಮುಂಚೆ ತೂಗಿ ಬರೆದಿಡಬೇಕು. ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಹಕ್ಕಿ ಹಾಡುತ್ತಿರಲಿ, ಕುಣಿಯುತ್ತಿರಲಿ, ಡಾಕ್ಟರ ಬಳಿಗೆ ಒಯ್ಯಬೇಕು.

ತೂಕ ಇಳಿಯುವುದು ಒಂದು ಕಡೆಯಾದರೆ, ಏರುವುದು ನಮ್ಮ ಪ್ರೀತಿಯ ಕೊಡುಗೆ. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಸರಿಸುಮಾರು ಅರ್ಧ ಕೊಬ್ಬೇ. ಎ ಜೀವಸತ್ವ ಇಲ್ಲವೆಂದರೂ ಸೈ, ಸುಣ್ಣದಂಶ ಅತ್ಯಲ್ಪ. ಅದನ್ನೇ ತಿಂದು ಕೂತ ಗಿಳಿಯ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಆಫ್ರಿಕನ್ ಗ್ರೇ ಜಾತಿಗೆ ಕ್ಯಾಲ್ಸಿಯಂ ಸಾಲದೆ ಫಿಟ್ಸ್ ಬರುವುದೂ ಉಂಟು. ಹಾಗಾದರೆ ನವಣೆ ಕೊಡೋಣವೆಂದರೆ ಅದರಲ್ಲೂ ಎ ಜೀವಸತ್ವ ಸಾಲದು. ಇಲ್ಲೊಂದು ತಮಾಷೆ ನೋಡಿ: ಪೇಟೆಯ ಜನ ನವಣೆಯನ್ನು ಹಕ್ಕಿ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಕಾಲವೊಂದಿತ್ತು. ಈಗ ಅದು ಸಿರಿಧಾನ್ಯ. ಮನುಷ್ಯರ ಡಾಕ್ಟರು ‘ಅನ್ನ ಬಿಟ್ಟು ನವಣೆ ತಿನ್ನಿ’ ಎನ್ನುತ್ತಾರೆ, ಹಕ್ಕಿಯ ಡಾಕ್ಟರು ‘ಬರೀ ನವಣೆ ಸಾಕು, ಬಿಡಿಸಿ’ ಎನ್ನುತ್ತಾರೆ. ಗಿಳಿಗೆ ಬೇಕಾದ್ದು ಪೆಲೆಟ್ಟು ಎಂಬ ಗುಳಿಗೆ ಮೇವು, ಅದರ ಜೊತೆಗೆ ಕ್ಯಾರೆಟ್ಟು, ಸಿಹಿಗೆಣಸು, ಕುಂಬಳ, ನುಗ್ಗೆಸೊಪ್ಪು. ಬೆಣ್ಣೆಹಣ್ಣು ಮಾತ್ರ ಕೂಡದು. ಕೊಡಗಿನ ತೋಟದಿಂದ ಪ್ರೀತಿಯಿಂದ ಬಂದದ್ದಾದರೂ ಅದು ಹಕ್ಕಿಗೆ ವಿಷ.

ಇಷ್ಟೆಲ್ಲ ಪಥ್ಯವನ್ನು ಮುರಿಯುವುದು ಒಂದೇ ಒಂದು ಗೋಡಂಬಿ. ಬಂದ ನೆಂಟರೊಬ್ಬರು ‘ಪಾಪ, ಒಂದೇ ಒಂದು’ ಎಂದು ಪಂಜರದ ಸರಳಿನೊಳಗೆ ತೂರಿಸುವ ಗೋಡಂಬಿ. ಮಂಗಳೂರಿನ ಕಾರ್ಖಾನೆಯವರು ಡಬ್ಲ್ಯೂ-320 ಎನ್ನುವ ದರ್ಜೆ ಇದೆಯಲ್ಲ, ಒಂದು ಪೌಂಡಿಗೆ 320 ತೂಗುವುದು, ಅದನ್ನೇ ತೆಗೆದುಕೊಳ್ಳೋಣ. 240ರ ದಪ್ಪದ್ದು ಬೇಡ, ನೆಂಟರಿಗೆ ಅನ್ಯಾಯವಾಗಬಾರದು. ಒಂದು ಪೌಂಡೆಂದರೆ 454 ಗ್ರಾಂ, ಅಂದರೆ ಗೋಡಂಬಿಗೆ 1.4 ಗ್ರಾಂ. ತಿನ್ನುವ ಕಾಕಟೀಲ್ ಎಂಬ ಪುಟ್ಟ ಗಿಳಿ 90 ಗ್ರಾಂ ತೂಗುತ್ತದೆ ಎನ್ನಿ. ಈಗ ನೆಂಟರನ್ನು ಅರವತ್ತು ಕೇಜಿಯ ಆಸಾಮಿಯೆಂದು ಔದಾರ್ಯದಿಂದಲೇ ಒಪ್ಪಿಕೊಂಡು ತ್ರೈರಾಶಿ ಹಾಕಿದರೆ, ಅವರ ಪಾಲಿಗೆ ಬರುವುದು ಮುಕ್ಕಾಲು ಕೇಜಿಗೂ ಮೀರಿ, ಒಂದು ಕೇಜಿಗೆ ಕೊಂಚ ಕಡಿಮೆ ಗೋಡಂಬಿ. ಒಂದೇ ಸಲಕ್ಕೆ, ಊಟವಾದ ಮೇಲೆ, ‘ಪಾಪ’ ಎನ್ನಿಸಿಕೊಂಡು. ಹಕ್ಕಿಯ ದೇಹ ನಮ್ಮದಕ್ಕಿಂತ ಚುರುಕಾಗಿ ಉರಿಯುತ್ತದೆ, ಆದ್ದರಿಂದ ಈ ಲೆಕ್ಕ ಸರಿಯಲ್ಲ ಎಂದು ವಿಜ್ಞಾನ ಓದಿದ ನೆಂಟರು ಆಕ್ಷೇಪಿಸಬಹುದು. ಒಪ್ಪಿದೆ. ಅರ್ಧಕ್ಕೆ ಇಳಿಸುತ್ತೇನೆ, ಕಾಲಿಗೂ ಇಳಿಸುತ್ತೇನೆ. ಕಾಲು ಕೇಜಿ ಗೋಡಂಬಿಯನ್ನು ನಮ್ಮೆದುರು ಕೂತು ತಿಂದು ತೋರಿಸಲಿ, ಆಮೇಲೆ ಮಾತು. ಅದೇ ನೆಂಟರಿಗೆ ಸಕ್ಕರೆ ಕಾಯಿಲೆ, ಹೋಳಿಗೆ ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದಿರುತ್ತಾರೆ. ಅವರ ಪಥ್ಯ ಪಥ್ಯ, ಗಿಳಿಯದು ನಮ್ಮ ಜಿಪುಣತನ.

ತಾತನ ಕಾಲದ ಗಿಳಿ ತಕ್ಕಡಿಯಿಲ್ಲದೆ ಬದುಕಲಿಲ್ಲವೇ ಎನ್ನುವವರಿದ್ದಾರೆ. ಬದುಕಿತ್ತು, ಆದರೆ ಯಾವುದು? ಒಂದು ಸತ್ತರೆ ಅದೇ ಪಂಜರಕ್ಕೆ ರಾಮನೆಂಬ ಅದೇ ಹೆಸರಿನ ಇನ್ನೊಂದು ಬರುತ್ತಿತ್ತು. ಮೊಮ್ಮಕ್ಕಳ ನೆನಪಿನಲ್ಲಿ ಎಲ್ಲ ರಾಮರೂ ಸೇರಿ ಒಬ್ಬನೇ ದೀರ್ಘಾಯುಷಿಯಾಗಿದ್ದಾನೆ. ಅಜ್ಜಿ ಕೊಡುತ್ತಿದ್ದ ಮೆಣಸಿನಕಾಯಿಯ ವಿಷಯದಲ್ಲಿ ಮಾತ್ರ ನಾನು ಅಜ್ಜಿಯ ಪಕ್ಷ. ಖಾರ ಹಕ್ಕಿಗಳಿಗೆ ನಾಟುವುದೇ ಇಲ್ಲ. ನಮ್ಮ ನಾಲಿಗೆಯಲ್ಲಿ ಬೆಂಕಿ ಹೊತ್ತಿಸುವ ಕ್ಯಾಪ್ಸೈಸಿನ್ ಅವುಗಳ ನರಕ್ಕೆ ತಾಗುವುದಿಲ್ಲ. ಹಣ್ಣುಮೆಣಸಿನಕಾಯಿಯಲ್ಲಿ ಎ ಜೀವಸತ್ವಕ್ಕೆ ಬೇಕಾದ ಅಂಶವೂ ಧಾರಾಳ. ಇನ್ನು ಕಾಡಿನ ಗಿಳಿಗೆ ಯಾರು ತೂಕ ನೋಡುತ್ತಾರೆ ಎಂಬ ಪ್ರಶ್ನೆ. ಯಾರೂ ಇಲ್ಲ. ಅದು ಮೇವಿಗಾಗಿ ಮೈಲಿಗಟ್ಟಲೆ ಹಾರುತ್ತದೆ, ಮನೆಯದು ಕೋಲಿನಿಂದ ಬಟ್ಟಲಿಗೆ ಎರಡು ಹೆಜ್ಜೆ ಇಡುತ್ತದೆ.

ಕಾಡಿನ ಮಾತು ಬಂದದ್ದರಿಂದ ಹೇಳಲೇಬೇಕು. ನಮ್ಮ ತೋಟ, ಗುಡಿ ಗೋಪುರಗಳ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪೊಟರೆಯಿಂದ ಗರಿ ಬಲಿಯದ ಮರಿಗಳನ್ನು ಕಿತ್ತು ಮಾರುವ ದಂಧೆಯಲ್ಲಿ ಮಾರಾಟಕ್ಕೆ ಮುಂಚೆಯೇ ಸಾಯುವ ಮರಿಗಳಿಗೆ ಲೆಕ್ಕವಿಲ್ಲ, ತಕ್ಕಡಿಯಂತೂ ಇಲ್ಲ. ಕಾಡಿನಿಂದ ಹಿಡಿದ ಆಫ್ರಿಕನ್ ಗ್ರೇಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿದ್ದದ್ದು 2017ರಲ್ಲಿ. ನನ್ನ ವಾದವೆಲ್ಲ ಪಂಜರದಲ್ಲೇ ಹುಟ್ಟಿದ ಪರದೇಶಿ ತಳಿಗಳಿಗೆ, ಕಾನೂನಿನಂತೆ ನೋಂದಣಿ ಬೇಕಾದ ಕಡೆ ಮಾಡಿಸಿ ಸಾಕಿದವುಗಳಿಗೆ.

ಏನೇ ಹೇಳಿದರೂ ಇದು ಉಂಡಾಡಿಗಳ ಖಯಾಲಿ ಎನ್ನುವವರು ನ್ಯೂಜಿಲೆಂಡಿನ ಸರಕಾರವನ್ನೂ ಅದೇ ಸಾಲಿಗೆ ಸೇರಿಸಬೇಕಾಗುತ್ತದೆ. ಅಲ್ಲಿನ ಕಾಕಪೊ ಹಾರಲಾರದ, ಲೋಕದಲ್ಲೇ ಅತಿ ಭಾರದ ಗಿಳಿ. 1995ರಲ್ಲಿ ಉಳಿದಿದ್ದದ್ದು 51. ಸಂತಾನ ಬೆಳೆಯಲೆಂದು ಹೆಚ್ಚುವರಿ ಮೇವು ಕೊಟ್ಟು ಉಪಚರಿಸಿದರು. ಉಂಡು ದಪ್ಪಗಾದ ತಾಯಂದಿರು ಹೆಚ್ಚಾಗಿ ಗಂಡುಮರಿಗಳನ್ನೇ ಹೆರತೊಡಗಿದವು, ಮೊದಲೇ ಹೆಣ್ಣಿಗೆ ಬರವಿದ್ದ ಕುಲದಲ್ಲಿ! ಆಮೇಲೆ ಒಂದೊಂದನ್ನೂ ತೂಗಿ, ಮೊಟ್ಟೆಯಿಡುವಷ್ಟು ಪುಷ್ಟಿ ಬರಲಿ, ಅದಕ್ಕಿಂತ ಹೆಚ್ಚು ಬೇಡ ಎಂದು ಮೇವನ್ನು ಅಳೆದು ಹಾಕಿದ ಮೇಲೆ ಗಂಡು ಹೆಣ್ಣಿನ ಲೆಕ್ಕ ಸರಿಹೋಯಿತು. ಒಂದು ದೇಶದ ನೌಕರರು ದ್ವೀಪಗಳಲ್ಲಿ ಮಾಡಬಹುದಾದ್ದನ್ನು ನಾವು ಅಡುಗೆಮನೆಯ ಕಟ್ಟೆಯ ಮೇಲೆ ಮಾಡಿದರೆ ಏನು ಕಡಿಮೆಯಾಯಿತು?

ಉಳಿದದ್ದು ಒಂದೇ ಆಕ್ಷೇಪ, ಅದು ನಿಜವಾಗಿಯೂ ಗಟ್ಟಿಯಾದದ್ದು: ಗಿಳಿ ತಿನ್ನದಿದ್ದರೆ? ಬೀಜಕ್ಕೆ ಒಗ್ಗಿದ ಗಿಳಿಗೆ ಪೆಲೆಟ್ಟು ತಿನ್ನುವ ವಸ್ತುವೆಂದೇ ಹೊಳೆಯುವುದಿಲ್ಲ. ಬೀಜವನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಹಟ ಹಿಡಿದು ಉಪವಾಸ ಬೀಳಬಹುದು. ತಕ್ಕಡಿಯಿಲ್ಲದವರು ಈ ಬದಲಾವಣೆಗೆ ಕೈಹಾಕಲೇಬಾರದು. ದಾರಿಯೊಂದಿದೆ. ಗಿಳಿ ಗುಂಪಿನಲ್ಲಿ ಉಣ್ಣುವ ಜೀವ, ತನ್ನವರು ತಿನ್ನುವುದೇ ಅದಕ್ಕೂ ಬೇಕು. ತನ್ನವರು ಎಂದರೆ ಇಲ್ಲಿ ನಾವು. ಅದರ ಮುಂದೆ ಕೂತು ಚಕ್ಕುಲಿ ಮುರಿಯುತ್ತ ಅದಕ್ಕೆ ಕ್ಯಾರೆಟ್ಟು ತೋರಿಸಿದರೆ ನಡೆಯುವುದಿಲ್ಲ. ಬೇಯಿಸಿದ ಕ್ಯಾರೆಟ್ಟನ್ನು ನಾವೇ ಬಾಯಿಗಿಟ್ಟು, ಆಹಾ ಎನ್ನುತ್ತ, ಗಿಳಿಗೆ ನಂಬಿಕೆ ಬರುವವರೆಗೆ ಜಗಿಯಬೇಕು. ಒಗ್ಗರಣೆ ಹಾಕುವಂತಿಲ್ಲ, ಉಪ್ಪೂ ಕೂಡದು.