ಫ್ಯಾನ್ ತಿರಗತೈತಿ, ಡಿಸ್‌ಪ್ಲೇ ಇಲ್ಲ

ಕಂಪ್ಯೂಟರ್ ಪೂರ್ತಿ ಸತ್ತರೆ ಚಿಂತೆಯಿಲ್ಲ, ಎತ್ತಿ ಅಟ್ಟಕ್ಕೆ ಹಾಕಿ ಕೈ ತೊಳೆದುಕೊಳ್ಳಬಹುದು. ಫ್ಯಾನ್ ತಿರುಗಿಸುತ್ತ, ಬಣ್ಣದ ದೀಪ ಹೊತ್ತಿಸಿಕೊಂಡು, ಪರದೆಯನ್ನು ಮಾತ್ರ ಕಪ್ಪಾಗಿಟ್ಟುಕೊಂಡು ಕೂತರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಗೋಕಾಕದ ನಮ್ಮ ಮನೆಯಲ್ಲಿ ತಮ್ಮನ ಮಗ ಮದುವೆಯ ವಿಡಿಯೋ ಜೋಡಿಸುವವ. ಕುಲಗೋಡದ ಕಡೆ ಹೋಗಿ ಇಡೀ ರಾತ್ರಿಯ ಶ್ರೀಕೃಷ್ಣ ಪಾರಿಜಾತವನ್ನು ಕ್ಯಾಮೆರಾಕ್ಕೆ ತುಂಬಿಕೊಂಡು ಬಂದಿದ್ದ. ಹಳೆಯ ಯಂತ್ರಕ್ಕೆ ಅದು ದಕ್ಕಲಿಲ್ಲ. ಸತ್ಯಭಾಮೆ ಮುನಿಸಿಕೊಂಡ ಕಡೆಗೇ ನಿಂತುಬಿಡುತ್ತಿತ್ತು. ಹುಡುಗ ಹೊಸ ಮದರ್‌ಬೋರ್ಡು, ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡು ಎಲ್ಲ ತರಿಸಿ ತಾನೇ ಕೂರಿಸಿ ಬಟನ್ ಒತ್ತಿದ. ಫ್ಯಾನ್ ಗರ್ರ್ ಅಂದಿತು. ಮಾನಿಟರ್ ‘ನೋ ಸಿಗ್ನಲ್’ ಎಂದು ತೋರಿಸಿ ಮಲಗಿತು. ಮೊದಲು ಸತ್ಯಭಾಮೆಯೊಬ್ಬಳ ಮುನಿಸಿತ್ತು, ಈಗ ಇಡೀ ಡಬ್ಬಿಯದು.

ಡಿಸ್‌ಪ್ಲೇ ಬರಲಿಲ್ಲ ಎಂದೊಡನೆ ಬರುವುದು ಸಲಹೆ. “ಅಷ್ಟ್ ಚಂದ ದೀಪಾ ಹಚ್ಚಿದ್ರ ಯಾರ ಕಣ್ಣ ಬೀಳೂದಿಲ್ಲ? ದೃಷ್ಟಿ ತಗೀರಿ” ಅಂದಳು ಅವ್ವ. ಓಣಿಯ ಮೊಬೈಲ್ ಅಂಗಡಿಯವ ದೂರದಿಂದಲೇ ನೋಡಿ ರ್‍ಯಾಮ್ ಹೋಗೈತಿ ಅಂದ. ಕರದಂಟು ಒಯ್ಯಲು ಬಂದಿದ್ದ ಬೆಂಗಳೂರಿನ ನೆಂಟರೊಬ್ಬರು ಬಯಾಸ್ ಅಪ್‌ಡೇಟ್ ಮಾಡಬೇಕು ಎಂದು ಅಪ್ಪಣೆ ಕೊಡಿಸಿದರು. ಮಾತು ಸುಳ್ಳಲ್ಲ, ತನಗಿಂತ ಹೊಸ ಪ್ರೊಸೆಸರಿನ ಗುರುತು ಹತ್ತದೆ ಬೋರ್ಡು ಹೀಗೆ ಸುಮ್ಮನಾಗುವುದುಂಟು. ಆದರೆ ಪರದೆಯೇ ಕಾಣದಿರುವಾಗ ಅಪ್‌ಡೇಟ್ ಮಾಡುವುದು ಹೇಗೆಂದು ಕೇಳುವಷ್ಟರಲ್ಲಿ ಅವರು ಬಸ್ ಹತ್ತಿದ್ದರು.

ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರು ಹುಕ್ಕೇರಿಯ ಬೀಗರು. “ಅದು ನಿಮ್ಮ ಕರೆಂಟಿನ ದೋಷ ಐತ್ರಿ. ಇಲ್ಲಿಗಿ ತಗೊಂಡ್ ಬರ್‍ರಿ.” ಅವರ ಹಮ್ಮಿಗೆ ಕಾರಣವಿದೆ. ಹುಕ್ಕೇರಿ ತಾಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಅವರದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಸದಸ್ಯರೆಲ್ಲ ತಾವೇ ಕರೆಂಟಿನ ಮಾಲಕರೆಂಬಂತೆ ಮೀಸೆ ತಿರುವುತ್ತಾರೆ. ನಾವೇನು ಕಡಿಮೆ? 1887ರಲ್ಲೇ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನಿಂದ ವಿದ್ಯುತ್ ತೆಗೆದವರು ನಾವು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ನಾನು ಇದನ್ನು ಹೇಳಿದ್ದಕ್ಕೆ ಬೀಗರು, “ಆ ಹೊಳಿ ನೀರು ಹಿಡಕಲ್ ಡ್ಯಾಮಿನ್ಯಾಗ ನಾವ್ ಬಿಟ್ರ ನಿಮ್ಮಲ್ಲಿಗಿ ಬರತೈತ್ರಿ” ಅಂದರು. ಆ ಡ್ಯಾಮ್ ಕಟ್ಟಿದ್ದು 1887 ಕಳೆದು ಎಷ್ಟೋ ವರ್ಷಗಳ ಮೇಲೆ ಎಂದು ಹೇಳುವಂತಿರಲಿಲ್ಲ. ಮಗಳನ್ನು ಕೊಟ್ಟ ಮನೆ.

ಕಂಪ್ಯೂಟರಿಗೆ ಕೌದಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿಗೆ ಹೋದೆವು. ಬೀಗರು ಊದಿನಕಡ್ಡಿ ಹಚ್ಚಿ ತಾವೇ ಸ್ವಿಚ್ ಒತ್ತಿದರು. ಫ್ಯಾನ್ ಗರ್ರ್. ಪರದೆ ಕಪ್ಪು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲ ಊಟಾ ಮಾಡ್ರಿ” ಅಂದರು. ಊರವರು ನಕ್ಕರೂ ಈ ಯಾತ್ರೆ ದಂಡವಾಯಿತೆಂದು ನಾನು ಒಪ್ಪುವುದಿಲ್ಲ. ಒಂದೊಂದನ್ನೇ ಬದಲಿಸಿ ನೋಡುವುದೇ ರಿಪೇರಿಯ ಮೊದಲ ಪಾಠ. ನಾವು ಕರೆಂಟನ್ನು ಬದಲಿಸಿ ನೋಡಿದೆವು, ಅಷ್ಟೆ.

ಮೂಡಲಗಿಯಲ್ಲಿ ಒಬ್ಬ ಹುಡುಗನಿದ್ದಾನೆ, ಕೈ ಚಲೋ ಐತಿ ಎಂದು ಯಾರೋ ಅಂದರು. ಅವನ ಅಂಗಡಿಗೆ ಹೋದಾಗ ಅವನು ಸಲಹೆ ಕೊಡಲಿಲ್ಲ, ಪ್ರಶ್ನೆ ಕೇಳಿದ. “ಏನರ ಸಪ್ಪಳಾ ಮಾಡತೈತೇನ್ರಿ, ಕಾಕಾ?” ಇಲ್ಲವೆಂದೆ. “ಮಾಡೂದೆಂಗ? ಬಾಯೇ ಇಲ್ಲ ಇದಕ್ಕ” ಎಂದು ಡ್ರಾವರಿನಿಂದ ಹುಣಸೆಬೀಜದಷ್ಟಿದ್ದ ಕರಿ ಸ್ಪೀಕರ್ ತೆಗೆದು ಮದರ್‌ಬೋರ್ಡಿಗೆ ಸಿಕ್ಕಿಸಿದ. ಮೊದಲು ಇದು ಡಬ್ಬಿಯ ಜೊತೆಗೇ ಬರುತ್ತಿತ್ತು. ಈಗ ಬಣ್ಣದ ದೀಪ ಬಂದು ಬಾಯಿ ಹೋಗಿದೆ.

ಸ್ವಿಚ್ ಹಾಕಿದೊಡನೆ ಡಬ್ಬಿ ಬೀಪ್ ಬೀಪ್ ಎಂದು ಒದರತೊಡಗಿತು. ಹುಡುಗ ವೈರ್ ಕಿತ್ತು ಎರಡೂ ರ್‍ಯಾಮ್ ತೆಗೆದ, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದ. ರ್‍ಯಾಮ್ ಇಲ್ಲದೆ ಹಚ್ಚಿದರೂ ಒದರಿತು. “ಒದರ್‍ಲಿ. ಒದರಿದ್ರ ಬೋರ್ಡೂ ಪ್ರೊಸೆಸರೂ ಜೀವಂತ ಅದಾವ ಅಂತ ಅರ್ಥ.” ಮತ್ತೆ ವೈರ್ ಕಿತ್ತು, ಒಂದೇ ರ್‍ಯಾಮನ್ನು ಪ್ರೊಸೆಸರಿನಿಂದ ಎರಡನೆಯ ಖಾನೆಗೆ ಟಕ್ ಎನ್ನುವವರೆಗೆ ಒತ್ತಿದ. ಈ ಸಲ ಒಂದೇ ಒಂದು ಚಿಕ್ಕ ಬೀಪ್. ಎಲ್ಲ ಸರಿಯಿದೆ ಎಂದು ಆ ಬೋರ್ಡು ಹೇಳುವ ರೀತಿಯಂತೆ. ಪರದೆ ಮಾತ್ರ ಕಪ್ಪಾಗಿಯೇ ಇತ್ತು.

ಹುಡುಗ ಡಬ್ಬಿಯ ಬೆನ್ನ ಹಿಂದೆ ಬಗ್ಗಿ ನೋಡಿ ನಗತೊಡಗಿದ. ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲಿತ್ತು; ಕೆಳಗೆ ಹೊಸ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗಳು ಖಾಲಿ ಬಾಯಿ ತೆರೆದುಕೊಂಡಿದ್ದವು. ಪ್ರೊಸೆಸರ್ ಇಂಟೆಲ್‌ನದು, ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರ. ಹಾಗಿದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ, ಬೋರ್ಡಿನ ಆ ಕಿಂಡಿ ಹೆಸರಿಗಷ್ಟೇ. “ಕಾಕಾ, ಮೂಡಲಗಿ ಬ್ಯಾರೆ ತಾಲೂಕ ಆಗೈತಿ. ನೀವು ಇನ್ನೂ ಗೋಕಾಕ ಕಚೇರಿಗೇ ಅರ್ಜಿ ಕೊಟ್ಟ ಕುಂತ್ರ ಇಲ್ಲಿ ಕೆಲಸಾ ಆಕ್ಕೈತೇನ್ರಿ?” ನಮ್ಮ ಹುಡುಗ ಛಾವಣಿ ನೋಡಿದ. ಕೇಬಲ್ ಕೆಳಗಿಳಿಯಿತು, ಪರದೆ ಬೆಳಗಿತು. ಸತ್ಯಭಾಮೆ ಈಗ ಕಡೆಯವರೆಗೂ ಹಾಡುತ್ತಾಳೆ.

ಹುಕ್ಕೇರಿ ಬೀಗರು ಮಾತ್ರ ಇಂದಿಗೂ, ನಮ್ಮ ಕರೆಂಟ್ ಒಮ್ಮೆ ಒಳಗ ಹೋಗಿದ್ದಕ್ಕನ ಅದು ಮ್ಯಾಲ ಎದ್ದಿತು ಎನ್ನುತ್ತಾರೆ. ಅದಕ್ಕೂ ನಾನು ಉತ್ತರ ಕೊಡುವಂತಿಲ್ಲ.

ನಿಮ್ಮ ಮನೆಯಲ್ಲೂ ಹೊಸ ಬಿಡಿಭಾಗ ಹಾಕಿದ ಮೇಲೆ ಪರದೆ ಕಪ್ಪಾಗಿದ್ದರೆ, ಅಂಗಡಿಗೆ ಓಡುವ ಮೊದಲು ದಯವಿಟ್ಟು ಡಬ್ಬಿಯ ಬೆನ್ನ ಹಿಂದೊಮ್ಮೆ ಬಗ್ಗಿ ನೋಡಿ.