ಲೀಟರಿಗೆ ಎಷ್ಟು ಕೊಡ್ತದೆ?

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಕಡೆ ಯಾರಾದರೂ ಹೊಸ ಕಾರು ತಂದರೆ ಅದರ ಬಣ್ಣದ ಬಗ್ಗೆ ಮಾತಾಡುವವರಿಲ್ಲ. ಏರ್‌ಬ್ಯಾಗ್ ಎಷ್ಟಿವೆ ಎಂದು ಕೇಳುವವರಂತೂ ಇಲ್ಲವೇ ಇಲ್ಲ. ಬಾನೆಟ್ ಮೇಲಿನ ಅರಿಶಿನ ಕುಂಕುಮ ಒಣಗುವ ಮೊದಲೇ, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾದ ಮರುಗಳಿಗೆಯಲ್ಲೇ, ಬರುವ ಪ್ರಶ್ನೆ ಒಂದೇ: "ಎಷ್ಟು ಕೊಡ್ತದೆ?"

ಈ ಪ್ರಶ್ನೆಗೆ ದಶಮಾಂಶ ಚುಕ್ಕಿಯ ಸಮೇತ ಉತ್ತರ ಹೇಳಬಲ್ಲವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿರುವವರಿಗೆ ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರಿನ ಬಾಯಲ್ಲಿ ಮಾತ್ರ ಎದುರಿಗೆ ಸಿಕ್ಕಾಗ 'ಗೌಡ್ರೇ', ಅತ್ತ ತಿರುಗಿದ ಮೇಲೆ 'ಮೈಲೇಜಪ್ಪ'. ಅರವತ್ತು ದಾಟಿದ ವಯಸ್ಸು, ಎರಡು ಎಕರೆ ಕಬ್ಬು, ಡೈರಿಗೆ ಹಾಲು ಹಾಕುವಷ್ಟು ಹಸು, ಬಿಳಿ ಪಂಚೆ, ಬಿಳಿ ಶರಟು. ಶರಟಿನ ಜೇಬಿನಲ್ಲಿ ಅರ್ಧ ತುಂಬಿದ ಹಳೇ ಡೈರಿ ಪಾಸ್‌ಬುಕ್ಕು. ಅದರ ಮುಂದಿನ ಪುಟಗಳಲ್ಲಿ ಹಸು ಕೊಟ್ಟ ಹಾಲಿನ ಲೆಕ್ಕ, ಹಿಂದಿನ ಪುಟಗಳಲ್ಲಿ ಕಾರು ಕುಡಿದ ಪೆಟ್ರೋಲಿನ ಲೆಕ್ಕ.

ಕಾರುಗಳೇನೂ ಈ ಊರಿಗೆ ಹೊಸದಲ್ಲ. ರಾಜ್ಯಕ್ಕೆ ಮುಖ್ಯಮಂತ್ರಿ, ದೇಶಕ್ಕೆ ವಿದೇಶಾಂಗ ಸಚಿವ, ಎರಡನ್ನೂ ಒಬ್ಬರಲ್ಲೇ ಕೊಟ್ಟ ಊರಿದು. ಎಸ್.ಎಂ. ಕೃಷ್ಣ 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಸಾಲುಗಟ್ಟಿ ಬರುವ ಸರ್ಕಾರಿ ಕಾರುಗಳನ್ನು ಜನ ಕಣ್ತುಂಬ ಕಂಡಿದ್ದಾರೆ. ಅವು ಎಷ್ಟು ಕೊಡ್ತವೆ ಎಂದು ಆಗ ಯಾರೂ ಕೇಳಲಿಲ್ಲ. ಸರ್ಕಾರಿ ಗಾಡಿಗೆ ಮೈಲೇಜ್ ಅನ್ನುವುದು ಇರುವುದಿಲ್ಲ, ಬಿಲ್ಲು ಮಾತ್ರ ಇರುತ್ತದೆ ಎಂಬುದು ಮೈಲೇಜಪ್ಪನವರ ಸಿದ್ಧಾಂತ.

ಅವರ ಕೈಗೆ ಆಟೋಮ್ಯಾಟಿಕ್ ಕಾರು ಬಂದದ್ದು ಎಡ ಮಂಡಿಯ ದೆಸೆಯಿಂದ. ಕ್ಲಚ್ ತುಳಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಕೆಂಗೇರಿಯಲ್ಲಿರುವ ಮಗಳು ಹಟ ಹಿಡಿದು ಎರಡೇ ಪೆಡಲ್ಲಿನ ಸಣ್ಣ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಡಿಸಿದಳು. ಕಾರು ಅರಳಿಕಟ್ಟೆ ದಾಟಿ ಮನೆ ಮುಟ್ಟುವುದರೊಳಗೆ ಕಟ್ಟೆ ತೀರ್ಪು ಕೊಟ್ಟಾಗಿತ್ತು: "ಆಟೋಮ್ಯಾಟಿಕ್ಕಾ? ಕುಡೀತದೆ ಕಣಣ್ಣ. ಒಂದು ಕಾಲು ಉಳಿಸ್ಕೊಳಕ್ಕೋಗಿ ಎರಡು ಕೈಲೂ ದುಡ್ಡು ಸುರೀತಿಯ!" ಅವತ್ತು ತೊಟ್ಟ ಪಣ. ಅಲ್ಲಿಂದೀಚೆಗೆ ಆ ಕಾರು ಓಡುತ್ತಿರುವುದು ಊರಿಂದೂರಿಗಲ್ಲ, ಕಟ್ಟೆಯ ತೀರ್ಪಿನ ವಿರುದ್ಧ ಮೇಲ್ಮನವಿಯಾಗಿ.

ಕಟ್ಟೆಯ ಮಾತು ಪೂರಾ ಸುಳ್ಳೂ ಅಲ್ಲ. ಹಳೆಯ ಕಾಲದ ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಚಕ್ರಕ್ಕೆ ಹೋಗಬೇಕಿತ್ತು, ದಾರಿಯಲ್ಲೇ ಒಂದಿಷ್ಟು ಸೋರಿಹೋಗುತ್ತಿತ್ತು. ಗೇರುಗಳೂ ಮೂರೋ ನಾಲ್ಕೋ. 2014ರಲ್ಲಿ ಸೆಲೆರಿಯೊ ಕಾರು ಬಂದ ಮೇಲೆ ಸಣ್ಣ ಕಾರಿನ ಮಟ್ಟಿಗೆ ಈ ಲೆಕ್ಕ ಬದಲಾಯಿತು. ಅದರಲ್ಲಿದ್ದದ್ದು ಎಎಂಟಿ, ಮೈಲೇಜಪ್ಪನವರ ಕಾರಿನಲ್ಲಿರುವುದೂ ಅದೇ. ಗೇರ್‌ಬಾಕ್ಸು ಹಳೆಯದೇ, ಕ್ಲಚ್ಚೂ ಹಳೆಯದೇ, ಅವನ್ನು ತುಳಿದು ಬದಲಿಸುವುದಕ್ಕೆ ಮಾತ್ರ ಸಂಬಳವಿಲ್ಲದ ಆಳೊಬ್ಬನನ್ನು ಇಟ್ಟುಕೊಂಡ ಹಾಗೆ. ಆದ್ದರಿಂದ ಕಂಪನಿ ಮ್ಯಾನ್ಯುಯಲ್ಲಿಗೂ ಆಟೋಮ್ಯಾಟಿಕ್ಕಿಗೂ ಒಂದೇ ಅಂಕಿ ಬರೆಯಿತು: ಲೀಟರಿಗೆ 23.1 ಕಿಲೋಮೀಟರ್.

ಆ 23.1 ಎಲ್ಲಿ ಬೆಳೆದದ್ದು ಎಂದು ಮದ್ದೂರಿನ ಮೆಕ್ಯಾನಿಕ್ ಒಂದು ದಿನ ವಿವರಿಸಿ ಹೇಳಿದ. ಪುಣೆಯಲ್ಲಿ ಎಆರ್‌ಎಐ ಎಂಬ ವಾಹನ ಪರೀಕ್ಷೆಯ ಸಂಸ್ಥೆಯಿದೆ, 1966ರಿಂದ. ಮೈಲೇಜ್ ಪರೀಕ್ಷೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಕದಲುವುದಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಸೆಕೆಂಡಿಗೆ ಎಷ್ಟು ವೇಗ ಎಂಬುದೆಲ್ಲ ಮೊದಲೇ ಗೊತ್ತುಮಾಡಿದ್ದು. ಒಟ್ಟು 1,180 ಸೆಕೆಂಡು, ಹನ್ನೊಂದು ಕಿಲೋಮೀಟರಿಗೂ ಕಮ್ಮಿ ದೂರ, ವೇಗ ಗಂಟೆಗೆ 90 ದಾಟುವುದಿಲ್ಲ, ಎ.ಸಿ. ಬಂದ್.

ಮೈಲೇಜಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. "ರಸ್ತೇಲಿ ಹಂಪ್ ಇಲ್ವ?"

"ಇಲ್ಲ ಗೌಡ್ರೇ."

"ಕಬ್ಬಿನ ಟ್ರ್ಯಾಕ್ಟ್ರು?"

"ಅದೂ ಇಲ್ಲ."

"ಪಕ್ಕದ ಸೀಟಲ್ಲಿ ಹೆಂಡ್ತಿ?"

ಮೆಕ್ಯಾನಿಕ್ ನಕ್ಕ. "ಹಂಗಾದ್ರೆ ನಾನೂ ಇಪ್ಪತ್ಮೂರು ಕೊಡ್ತೀನಿ ಕಣಯ್ಯ!" ಎಂದು ಗೌಡರು ಪಂಚೆ ಕೊಡವಿ ಎದ್ದರು. ಅವರ ಕಾರು ಮದ್ದೂರು ಪೇಟೆಯೊಳಗೆ ಸುತ್ತಿದರೆ ಹದಿನೈದೋ ಹದಿನಾರೋ, ಹೆದ್ದಾರಿಯಲ್ಲಿ ಹದವಾಗಿ ಹೋದರೆ ಇಪ್ಪತ್ತರ ಆಚೀಚೆ ಕೊಡುತ್ತದೆ. ಎಲ್ಲರ ಕಾರೂ ಹೆಚ್ಚುಕಮ್ಮಿ ಕೊಡುವುದೇ ಅಷ್ಟು. ಆದರೆ 'ಆಚೀಚೆ' ಎಂಬ ಮಾತಿನ ಜತೆ ಬದುಕುವ ಜಾಯಮಾನ ಅವರದಲ್ಲ.

ಅವರನ್ನು ನೋಡಬೇಕಾದರೆ ಬಂಕಿನಲ್ಲೇ ನೋಡಬೇಕು. ಬೆಳಗ್ಗೆ ಆರಕ್ಕೇ ಹಾಜರು. ತಂಪು ಹೊತ್ತಿನಲ್ಲಿ ಪೆಟ್ರೋಲು ಗಟ್ಟಿಯಾಗಿರುತ್ತದಂತೆ. ಟ್ಯಾಂಕು ನೆಲದೊಳಗೆ ಹೂತಿದೆ, ಅದಕ್ಕೆ ಬೆಳಗ್ಗೆಯೂ ಒಂದೇ ಮಧ್ಯಾಹ್ನವೂ ಒಂದೇ ಎಂದು ಹುಡುಗರು ಹೇಳಿ ಸೋತಿದ್ದಾರೆ. ಎರಡನೇ ಪಂಪಿನ ಹತ್ತಿರ ನೆಲ ವಸಿ ವಾಲಿದೆ ಎಂದು ಯಾವಾಗಲೂ ಒಂದನೇ ಪಂಪಿಗೇ ನಿಲ್ಲುತ್ತಾರೆ. ಅಲ್ಲಿ ಬೇರೆ ಗಾಡಿ ಇದ್ದರೆ ಕಾಯುತ್ತಾರೆ. ಕಾಯುವಾಗ ಎಂಜಿನ್ ಬಂದ್.

ಪೈಪು ಬಾಯಿಗಿಟ್ಟ ಮೇಲೆ ಗೌಡರ ಕಣ್ಣು ಮೀಟರಿನಿಂದ ಕದಲುವುದಿಲ್ಲ. ಟಕ್ ಎಂದು ತಾನಾಗಿ ನಿಂತಿತೋ, ಅಲ್ಲಿಗೆ ಮುಗಿಯಬೇಕು. ಒಮ್ಮೆ ಹೊಸದಾಗಿ ಸೇರಿದ ಹುಡುಗ ಪಾಪ ಒಳ್ಳೆಯ ಮನಸ್ಸಿನಿಂದ, "ರೌಂಡ್ ಮಾಡ್ಬುಡ್ಲಾ ಅಣ್ಣ?" ಅಂದ. ಅನ್ನುತ್ತಲೇ ಒತ್ತಿಯೂ ಬಿಟ್ಟ. ಎರಡು ಸಾವಿರದ ನೂರಕ್ಕೆ ಅಂಕಿ ಮುದ್ದಾಗಿ ಕೂತಿತು. ಗೌಡರ ಮುಖ ಸಾವಿನ ಮನೆಯಾಯಿತು. "ಏನ್ಲಾ ಮಾಡ್ಬುಟ್ಟೆ! ಒಂದು ಟ್ಯಾಂಕಿನ ಲೆಕ್ಕವೇ ಹಾಳಾಗೋಯ್ತಲ್ಲೋ!" ಹುಡುಗನಿಗೆ ತಾನು ಮಾಡಿದ ತಪ್ಪು ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಗೌಡರ ಗಾಡಿ ಕಂಡರೆ ಅವನು ಗಾಳಿ ಹೊಡೆಯುವ ಮೂಲೆಗೆ ಹೋಗಿ ನಿಲ್ಲುತ್ತಾನೆ. ಅಲ್ಲಿಗೂ ಗೌಡರು ಬರುತ್ತಾರೆ, ಟೈರಿನ ಗಾಳಿ ಇಳಿದರೆ ಮೈಲೇಜೂ ಇಳಿಯುತ್ತದಲ್ಲ.

ಹಾಳಾಗದ ದಿನ ಪಾಸ್‌ಬುಕ್ಕು ತೆರೆಯುತ್ತದೆ. ಹೋದ ಸಲ ಬಾಯಿಮಟ್ಟ ತುಂಬಿಸಿದಾಗಿನಿಂದ ಓಡಿದ್ದು 412, ಈಗ ಹಿಡಿಸಿದ್ದು 21.4. ಮೊಬೈಲಿನ ಕ್ಯಾಲ್ಕುಲೇಟರ್ ಮುಟ್ಟದೆ, ತುಟಿ ಅಲ್ಲಾಡಿಸುತ್ತ, ಕೈಯಲ್ಲೇ ಭಾಗಾಕಾರ: 19.25. ಡ್ಯಾಶ್‌ಬೋರ್ಡಿನ ಪರದೆ 20.6 ಎಂದು ಹೊಗಳುತ್ತಿರುತ್ತದೆ. ಅದನ್ನು ಅವರು ಒಪ್ಪುವುದಿಲ್ಲ. "ಕಂಪ್ನಿ ಮಡಗಿರೋ ಮೀಟ್ರು ಕಣಪ್ಪ, ಕಂಪ್ನಿ ಪರವಾಗೇ ಸಾಕ್ಷಿ ಹೇಳ್ತದೆ."

ಅವರ ಕಾರಿನಲ್ಲಿ ಪ್ರಯಾಣ ಮಾಡುವುದು ಒಂದು ವ್ರತ. ಎಎಂಟಿ ಗೇರು ಬದಲಾಗುವಾಗ ಅರೆಕ್ಷಣ ಬಲ ಕಡಿದು ಕಾರು ತಲೆದೂಗುತ್ತದೆ. ಆ ಹೊತ್ತಿಗೆ ಸರಿಯಾಗಿ ಗೌಡರು ಆಕ್ಸಿಲರೇಟರ್ ಮೇಲಿನ ಕಾಲನ್ನು ವಸಿ ಎತ್ತುತ್ತಾರೆ, ಬೇಗ ಮೇಲಿನ ಗೇರಿಗೆ ಹೋಗಲಿ ಎಂದು. ಒಳಗೆ ಕೂತ ನಾಲ್ವರೂ ಒಟ್ಟಿಗೆ ಮುಂದಕ್ಕೆ ತಲೆ ಹಾಕುತ್ತಾರೆ. ಅದನ್ನು ಗೌಡರು ತಮ್ಮ ಮಾತಿಗೆ ಸಿಕ್ಕ ಒಪ್ಪಿಗೆ ಎಂದು ತಿಳಿದು ಮಾತು ಮುಂದುವರಿಸುತ್ತಾರೆ.

ಇಳಿಜಾರು ಬಂದರೆ ನ್ಯೂಟ್ರಲ್ಲಿಗೆ ತಳ್ಳುವುದು ಸ್ಕೂಟರಿನ ಕಾಲದಿಂದ ಬಂದ ಚಾಳಿ. ಅದನ್ನು ಬಿಡಿಸಿದವನೂ ಅದೇ ಮೆಕ್ಯಾನಿಕ್. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲೇ ಬಿಟ್ಟು ಕಾಲೆತ್ತಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪೆಟ್ರೋಲು ಪೂರ್ತಿ ನಿಂತುಹೋಗುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ನು ಆರದಿರಲೆಂದು ಪೆಟ್ರೋಲು ಕೊಡಲೇಬೇಕು. ಬ್ರೇಕಿಗೂ ಗೇರಿನ ಆಸರೆ ತಪ್ಪುತ್ತದೆ. ಉಳಿಸುತ್ತಿದ್ದೇನೆ ಎಂದುಕೊಂಡು ಇಷ್ಟು ದಿನ ಸುಟ್ಟದ್ದೆಷ್ಟು ಎಂಬ ಲೆಕ್ಕ ಹಾಕುತ್ತ ಗೌಡರು ಆ ರಾತ್ರಿ ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ಗೌಡತಿ ಎದ್ದು ಕೂತು, "ಹೊಟ್ಟೆನೋವಾ?" ಅಂದರಂತೆ. "ಹೂಂ, ಅಂಥದ್ದೇಯ" ಅಂದರಂತೆ.

ಮಗಳ ಮನೆಗೆ ಹೊರಡುವ ದಿನ ಗಂಡಹೆಂಡಿರ ನಡುವೆ ನಡೆಯುವುದು ತೂಕದ ಜಗಳ. ಗೌಡತಿ ಡಿಕ್ಕಿಗೆ ರಾಗಿಹಿಟ್ಟು, ತೆಂಗಿನಕಾಯಿ, ಅವರೆಕಾಯಿ, ಬೆಲ್ಲದ ಅಚ್ಚು ತುಂಬುತ್ತಾರೆ. ಗೌಡರು ಒಂದೊಂದನ್ನೂ ಕೈಯಲ್ಲಿ ಎತ್ತಿ ತೂಗಿ ನೋಡುತ್ತಾರೆ.

"ಕೆಂಗೇರೀಲಿ ತೆಂಗಿನಕಾಯಿ ಸಿಗಲ್ವ?"

"ಸಿಗ್ತವೆ. ಅಪ್ಪ ಅನ್ನಿಸ್ಕೊಂಡೋರು ಮಗಳ ಮನೆಗೆ ಬರಿಗೈಲಿ ಬಂದ್ರು, ಕಾರು ಲೀಟ್ರಿಗೆ ಇಪ್ಪತ್ತು ಕೊಡ್ತು ಅಂತ ಬೀಗ್ರ ಮುಂದೆ ಹೇಳ್ಕಳನ ಬುಡಿ."

ಕಾಯಿಗಳು ಡಿಕ್ಕಿಯಲ್ಲೇ ಉಳಿಯುತ್ತವೆ.

ಆಮೇಲೆ ದಾರಿಯ ಧರ್ಮಸಂಕಟ. ಬೆಂಗಳೂರು–ಮೈಸೂರು ದಶಪಥವನ್ನು 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ್ದು ನಮ್ಮದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಆ ರಸ್ತೆಯಲ್ಲಿ ಎಂಬತ್ತರಲ್ಲಿ ಒಂದೇ ಸಮ ಹೋದರೆ ಮೈಲೇಜು ಸೊಗಸು, ಆದರೆ ಬಿಡದಿಯ ಆಚೆ ಟೋಲು. ಹಳೇ ರಸ್ತೆಯಲ್ಲಿ ಟೋಲಿಲ್ಲ, ಆದರೆ ಚನ್ನಪಟ್ಟಣ, ರಾಮನಗರ, ಬಿಡದಿ ಮೂರೂ ಪೇಟೆಗಳಲ್ಲಿ ಒಂದನೇ ಗೇರು, ಎರಡನೇ ಗೇರು, ಬ್ರೇಕು. ದುಡ್ಡು ಉಳಿಸಿದರೆ ಮೈಲೇಜು ಹೋಯಿತು, ಮೈಲೇಜು ಉಳಿಸಿದರೆ ದುಡ್ಡು ಹೋಯಿತು. ಗೌಡರು ಆರಿಸುವುದು ಟೋಲಿನ ರಸ್ತೆಯನ್ನೇ. ಟೋಲಿನ ಲೆಕ್ಕ ಫಾಸ್ಟ್ಯಾಗಿಗೆ ದುಡ್ಡು ತುಂಬುವ ಅಳಿಯನದು, ಪಾಸ್‌ಬುಕ್ಕು ತಮ್ಮದು. ನೂರರ ಮಿತಿಯಿರುವ ಕಡೆ ಎಪ್ಪತ್ತೆಂಟರಲ್ಲಿ ಹೋಗುತ್ತಾರೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ ಎಂಬ ವಿಜ್ಞಾನ ಅವರ ಪರವಾಗಿದೆ. ಹಿಂದಿನಿಂದ ಹಾರನ್ ಹೊಡೆಯುವವರು ಮಾತ್ರ ಪರವಾಗಿಲ್ಲ.

ವಾಪಸು ಬರುವಾಗ ಮದ್ದೂರಿನಲ್ಲಿ ವಡೆಗೆ ಇಳಿಯಲೇಬೇಕು. 1917ರಿಂದ ರೈಲಿನವರಿಗೆ ರುಚಿ ಹತ್ತಿಸಿದ ವಡೆ, ಊರಿನವರು ಬಿಟ್ಟಾರೆಯೇ? ಇಬ್ಬರಿಗೆ ವಡೆ, ಕಾಫಿ, ಮನೆಗೊಂದು ಪೊಟ್ಟಣ. ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುವವರು ಹದಿನೆಂಟರಿಂದ ಹತ್ತೊಂಬತ್ತಕ್ಕೆ ಏರಿದರೆ ಉಳಿಯುವುದು ಒಂದೂವರೆ ಲೀಟರು, ಅಂದರೆ ನೂರೈವತ್ತು ರೂಪಾಯಿ. ಅದು ಆ ಮೇಜಿನ ಮೇಲೇ ಕರಗುತ್ತದೆ. ವಡೆಯ ಲೆಕ್ಕ ಪಾಸ್‌ಬುಕ್ಕಿಗೆ ಏರುವುದಿಲ್ಲ.

ಅವರನ್ನು ನಿಜವಾಗಿ ಇಕ್ಕಟ್ಟಿಗೆ ಸಿಲುಕಿಸಿದ್ದು ಎಥೆನಾಲ್. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಮ್ಮಿ. ಇದಕ್ಕೆಂದು ಹದ ಮಾಡದ ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಪಾಸ್‌ಬುಕ್ಕಿನಲ್ಲಿ ಅಂಕಿ ಇಳಿದ ದಿನ ಗೌಡರು ಕಟ್ಟೆಯ ಮೇಲೆ ನಿಂತು ದೆಹಲಿಯವರೆಗೆ ಬೈದರು. ಬೈದು ಮುಗಿಯುವವರೆಗೆ ಕಾದು ಯಾವನೋ ಹುಡುಗ ಅಂದ: "ದೊಡ್ಡಪ್ಪ, ಕಬ್ಬಿನ ಕಾಕಂಬೀಲೂ ಎಥೆನಾಲ್ ಮಾಡ್ತಾರಂತೆ. ನಿನ್ ಗದ್ದೇದೇ ನಿನ್ ಟ್ಯಾಂಕಿಗೆ ಬಂದಿದ್ರೂ ಬಂದಿರ್ಬೋದು." ಗೌಡರು ಕೂತುಬಿಟ್ಟರು. ಆಮೇಲಿನಿಂದ ಅವರದು ಎರಡು ನಿಲುವು. ಕಾರ್ಖಾನೆಯ ಗೇಟಿನಲ್ಲಿ ಎಥೆನಾಲ್ ಪರ, ಬಂಕಿನ ಗೇಟಿನಲ್ಲಿ ವಿರುದ್ಧ.

ನಗುವವರು ನಗಲಿ. ಈ ಕಡೆಯ ರೈತನ ಬದುಕಿನಲ್ಲಿ ಅಳತೆ ಯಾವತ್ತೂ ಇನ್ನೊಬ್ಬರ ಕೈಯದು. ಕಬ್ಬು ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ತೂಗುತ್ತದೆ, ಸಕ್ಕರೆ ಇಳುವರಿ ಶೇ. 10.25ಕ್ಕೆ ಇಂತಿಷ್ಟು ಎಂದು ದೆಹಲಿ ದರ ಕಟ್ಟುತ್ತದೆ, ಆ ಇಳುವರಿಯನ್ನು ಕಾರ್ಖಾನೆಯ ಲ್ಯಾಬು ಹೇಳುತ್ತದೆ. ಹಾಲಿನ ಡಿಗ್ರಿ, ಫ್ಯಾಟು ಡೈರಿಯ ಯಂತ್ರ ಹೇಳುತ್ತದೆ. ಅಣೆಕಟ್ಟೆಯ ನೀರಿನ ಮಟ್ಟ ಪೇಪರು ಹೇಳುತ್ತದೆ. ಅವರು ಹೇಳಿದ್ದನ್ನು ಬರೆದುಕೊಂಡು ಬರುವುದಷ್ಟೇ ಗೌಡರ ಪಾಲಿಗೆ ಬಂದದ್ದು. ಅದೇ ಪಾಸ್‌ಬುಕ್ಕನ್ನು ತಿರುವಿ ಹಾಕಿದರೆ ಅಲ್ಲಿರುವ ಅಂಕಿ ಅವರೇ ಅಳೆದದ್ದು, ಅವರೇ ಭಾಗಿಸಿದ್ದು, ಕಂಪನಿಯ ಪರದೆಯನ್ನೂ ಪುಣೆಯ ಪ್ರಮಾಣಪತ್ರವನ್ನೂ ಪ್ರಶ್ನಿಸಬಲ್ಲದ್ದು. ನೂರೈವತ್ತು ರೂಪಾಯಿಗೆ ಅಷ್ಟು ಗತ್ತು ಬೇರೆಲ್ಲಿ ಸಿಗುತ್ತದೆ?

ಮೊನ್ನೆ ಹಬ್ಬಕ್ಕೆ ಅಳಿಯ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ. ಗೌಡರು ಕಾರನ್ನು ಸುತ್ತು ಹಾಕಿದರು, ಹೊಗೆಕೊಳವೆ ಹುಡುಕಿದರು, ಸಿಗಲಿಲ್ಲ. "ಎಷ್ಟು ಕೊಡ್ತದೆ ಅಳಿಯಂದ್ರೇ?"

"ಯೂನಿಟ್‌ಗೆ ಏಳು ಕಿಲೋಮೀಟ್ರು ಬರ್ತದೆ ಮಾವ. ಇಲ್ಲೇ ಜಗಲಿ ಪ್ಲಗ್ಗಿಗೆ ಹಾಕ್ಲಾ? ಹೆಂಗೂ ಗೃಹಜ್ಯೋತೀಲಿ ನಿಮ್ಗೆ ಬಿಲ್ ಬರಲ್ವಲ್ಲ."

ಗೌಡರು ಪಾಸ್‌ಬುಕ್ಕು ತೆಗೆದರು. ದೂರ ಬರೆದರು. ಅದರ ಕೆಳಗೆ ಗೆರೆ ಎಳೆದರು. ಗೆರೆಯ ಕೆಳಗೆ ರೂಪಾಯಿಯ ಜಾಗದಲ್ಲಿ ಬರೆಯುವುದಕ್ಕೆ ಸೊನ್ನೆ ಬಿಟ್ಟರೆ ಏನೂ ಇರಲಿಲ್ಲ. ಸೊನ್ನೆಯಿಂದ ಭಾಗಿಸುವುದನ್ನು ಸೋಮನಹಳ್ಳಿ ಶಾಲೆಯಲ್ಲಿ ಮಾತ್ರವಲ್ಲ, ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ಜೇಬಿಗಿಳಿಸಿ, ಕಾರಿನ ಬಾನೆಟ್ಟನ್ನು ಕನಿಕರದಿಂದ ತಟ್ಟಿ ಹೇಳಿದರು:

"ಗಾಡಿ ಚೆನ್ನಾಗದೆ ಕಣಪ್ಪ. ಆದ್ರೆ ಬಿಟ್ಟಿ ಓಡೋ ಗಾಡೀಲಿ ಡ್ರೈವರ್ ಜಾಣ್ತನ ತೋರ್ಸೋದೆಲ್ಲಿ?"